ಹಿಮದ ರಸ್ತೆಗೆ ಉಪ್ಪು: ಪದೇ ಪದೇ ಕೇಳುವ ಪ್ರಶ್ನೆಗಳು

ಮಿನ್ನೆಸೋಟ, ಒಂಟಾರಿಯೊ, ಮಿಷಿಗನ್, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ, ಹೀಗೆ ಹಿಮ ಬೀಳುವ ಸೀಮೆಯಲ್ಲಿ ನೆಲೆಸಿರುವ ಕನ್ನಡದವರು ನವೆಂಬರ್ ಬಂತೆಂದರೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉಷ್ಣಾಂಶವೆಲ್ಲ ಸೆಲ್ಸಿಯಸ್‌ನಲ್ಲಿದೆ. ಮೊದಲ ಚಳಿಗಾಲ ಕಾಣುತ್ತಿರುವವರು ಮೇಲಿನಿಂದ ಓದಿ. ಪಾರ್ಕಿಂಗ್ ಜಾಗ ನೋಡಿಕೊಳ್ಳುವ ಹೊಣೆ ಇರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಚಳಿಗಾಲದವರಿಗೆ

ಉಪ್ಪೇನು ಬಿಸಿ ಪದಾರ್ಥ ಅಲ್ಲವಲ್ಲ, ಅದು ಐಸ್ ಕರಗಿಸೋದು ಹೇಗೆ?

ಜಾತ್ರೆಯಲ್ಲಿ ಕುಲ್ಫಿ ಮಾರುವವರು ಡಬ್ಬಿಯ ಸುತ್ತ ಐಸ್ ತುಂಬಿ, ಅದರ ಮೇಲೆ ಕಲ್ಲುಪ್ಪು ಚೆಲ್ಲುವುದನ್ನು ನೋಡಿರುತ್ತೀರಿ. ಉಪ್ಪು ಬಿದ್ದ ಐಸ್ ನೀರಾಗುತ್ತದೆ, ಆದರೆ ಆ ನೀರು ಐಸಿಗಿಂತಲೂ ತಣ್ಣಗಿರುತ್ತದೆ. ರಸ್ತೆಯಲ್ಲಿ ನಡೆಯುವುದೂ ಅದೇ. ಉಪ್ಪು ಶಾಖ ಕೊಡುವುದಿಲ್ಲ, ನೀರು ಹೆಪ್ಪುಗಟ್ಟುವ ಉಷ್ಣಾಂಶವನ್ನು ಕೆಳಕ್ಕಿಳಿಸುತ್ತದೆ. ಬರೀ ನೀರು 0 ಡಿಗ್ರಿಗೆ ಗಟ್ಟಿಯಾಗುತ್ತದೆ. ನೂರು ಪಾಲಿನಲ್ಲಿ 10 ಪಾಲು ಉಪ್ಪಿದ್ದರೆ ಮೈನಸ್ 6ರ ತನಕ ನೀರಾಗಿಯೇ ಉಳಿಯುತ್ತದೆ. 23.3 ಪಾಲಿದ್ದರೆ ಮೈನಸ್ 21ರ ತನಕ. ಅಲ್ಲಿಗೆ ಮುಗಿಯಿತು. ಅದಕ್ಕಿಂತ ಹೆಚ್ಚು ಉಪ್ಪು ಬೆರೆಸಿದರೆ ಲಾಭವಿಲ್ಲದಿರುವುದಷ್ಟೇ ಅಲ್ಲ, ಹೆಪ್ಪುಗಟ್ಟುವ ಬಿಂದು ಮತ್ತೆ ಮೇಲೇರುತ್ತದೆ.

ಒಂದು ಮಾತು ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸುಲಭ: ಹಿಮವನ್ನೆಲ್ಲ ಕರಗಿಸುವುದು ಉಪ್ಪಿನ ಕೆಲಸವಲ್ಲ. ಹರಳು ಐಸನ್ನು ಕೊರೆಯುತ್ತಾ ಕೆಳಗಿಳಿಯುತ್ತದೆ, ತಳದಲ್ಲಿ ಉಪ್ಪುನೀರಾಗಿ ಹರಡುತ್ತದೆ, ಐಸಿಗೂ ರಸ್ತೆಗೂ ನಡುವಿನ ಅಂಟು ಬಿಡಿಸುತ್ತದೆ. ಹಾಗೆ ಬಿಟ್ಟುಕೊಂಡದ್ದನ್ನು ಎತ್ತಿ ಹಾಕುವುದು ಪ್ಲೌ (ಹಿಮ ತಳ್ಳುವ ಅಲಗಿನ ಲಾರಿ) ಇಲ್ಲವೇ ಶವಲ್‌ನ (ಸಲಿಕೆಯ) ಕೆಲಸ. ಅಂಟು ಬಿಡಿಸಲು ಬೇಕಾದ ಉಪ್ಪು ತೀರ ಕಡಿಮೆ. ಎಲ್ಲವನ್ನೂ ಕರಗಿಸಲು ಹೊರಟಾಗಲೇ ಚೀಲಗಟ್ಟಲೆ ಖರ್ಚಾಗುವುದು.

ರಸ್ತೆ ಉಪ್ಪೂ ನಾವು ತಿನ್ನೋ ಉಪ್ಪೂ ಒಂದೇನಾ? ಮನೆಯಲ್ಲಿ ಉಪ್ಪಿನ ಚೀಲ ಖಾಲಿಯಾದರೆ ಅಡುಗೆ ಉಪ್ಪು ಹಾಕಬಹುದಾ?

ಮೂಲದಲ್ಲಿ ಎರಡೂ ಸೋಡಿಯಂ ಕ್ಲೋರೈಡ್. ಆದರೆ ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಹಾಗೆ ಇದು ಗದ್ದೆಯಲ್ಲಿ ಸಮುದ್ರದ ನೀರು ಇಂಗಿಸಿ ತೆಗೆದದ್ದಲ್ಲ, ಬಂಡೆಯಿಂದ ಅಗೆದದ್ದು. ಒಂಟಾರಿಯೊದ ಗಾಡ್ರಿಚ್ ಎಂಬ ಊರಿನಲ್ಲಿ ಹ್ಯೂರಾನ್ ಸರೋವರದ ಅಡಿ ಸುಮಾರು 550 ಮೀಟರ್ ಆಳದಲ್ಲಿರುವ ಗಣಿ ಜಗತ್ತಿನಲ್ಲೇ ಅತಿ ದೊಡ್ಡ ನೆಲದಡಿಯ ಉಪ್ಪಿನ ಗಣಿ. ಡೆಟ್ರಾಯ್ಟ್ ನಗರದ ಕೆಳಗೂ ಕ್ಲೀವ್‌ಲ್ಯಾಂಡ್ ಪಕ್ಕದ ಈರಿ ಸರೋವರದ ಕೆಳಗೂ ಗಣಿಗಳಿವೆ. ಈ ಉಪ್ಪಿನಲ್ಲಿ ಜೇಡಿ, ಕಲ್ಲಿನ ಪುಡಿ ಇರುವುದರಿಂದ ಬಣ್ಣ ಬೂದು. ಗಂಟು ಕಟ್ಟದಿರಲೆಂದು ಫೆರೋಸಯನೈಡ್ ಲವಣವನ್ನೂ ಸ್ವಲ್ಪ ಬೆರೆಸಿರುತ್ತಾರೆ. ಆದ್ದರಿಂದ ಇದನ್ನು ಅಡುಗೆಗೆ ಬಳಸುವ ಮಾತೇ ಬೇಡ.

ಅಡುಗೆ ಉಪ್ಪನ್ನು ಮೆಟ್ಟಿಲಿಗೆ ಹಾಕಿದರೆ ಕೆಲಸವೇನೋ ಮಾಡುತ್ತದೆ. ಆದರೆ ಪುಡಿ ಉಪ್ಪು ಐಸಿನ ಮೇಲ್ಭಾಗದಲ್ಲೇ ಕರಗಿಬಿಡುತ್ತದೆ, ತಳ ಮುಟ್ಟುವುದಿಲ್ಲ. ತುರ್ತಿಗೆ ಸರಿ.

ತುಂಬಾ ಚಳಿ ಇದ್ದಾಗ ಉಪ್ಪು ಹಾಕಿದರೂ ಏನೂ ಆಗಲ್ಲ ಅಂತಾರೆ, ನಿಜವಾ?

ನಿಜ. ಉಪ್ಪು ಹಾಕುವವರು ಮೊದಲು ತಿಳಿಯಬೇಕಾದದ್ದೇ ಇದು. 1 ಕಿಲೋ ಉಪ್ಪು ಮೈನಸ್ 1ರಲ್ಲಿ ಸುಮಾರು 46 ಕಿಲೋ ಐಸ್ ಕರಗಿಸುತ್ತದೆ, ಅದೂ ಐದೇ ನಿಮಿಷದಲ್ಲಿ ಕೆಲಸ ಶುರುಮಾಡಿ. ಮೈನಸ್ 4ಕ್ಕೆ ಬಂದರೆ 14 ಕಿಲೋ. ಮೈನಸ್ 7ರಲ್ಲಿ 8.6 ಕಿಲೋ, ಇಪ್ಪತ್ತು ನಿಮಿಷ ಬೇಕು. ಮೈನಸ್ 9ರಲ್ಲಿ 6.3 ಕಿಲೋ, ಒಂದು ಗಂಟೆ. ಮೈನಸ್ 12ಕ್ಕೆ ಇಳಿದರೆ 4.9 ಕಿಲೋ ಮಾತ್ರ, ಅಷ್ಟು ಹೊತ್ತಿಗೆ ಗಾಳಿಗೋ ಟೈರಿಗೋ ಸಿಕ್ಕು ಉಪ್ಪೇ ಬದಿಗೆ ಹೋಗಿರುತ್ತದೆ. ಪುಸ್ತಕದ ಮಿತಿ ಮೈನಸ್ 21 ಇರಬಹುದು, ರಸ್ತೆಯ ಮಿತಿ ಮೈನಸ್ 9.

ಇಲ್ಲಿ ಹೇಳುತ್ತಿರುವುದು ನೆಲದ ಉಷ್ಣಾಂಶ, ಫೋನಿನಲ್ಲಿ ಕಾಣುವ ಗಾಳಿಯದ್ದಲ್ಲ. ಬಿಸಿಲು ಬಿದ್ದ ಡಾಂಬರು ಗಾಳಿಗಿಂತ ಐದಾರು ಡಿಗ್ರಿ ಬೆಚ್ಚಗಿರಬಹುದು. ಮನೆಯ ಉತ್ತರ ಪಕ್ಕದ ನೆರಳಿನ ದಾರಿ, ಸೇತುವೆಯ ಮೇಲ್ಮೈ ಅದಕ್ಕಿಂತ ಬಹಳ ತಣ್ಣಗಿರಬಹುದು. ಅಂಗಡಿಯಲ್ಲಿ ಸಿಗುವ ಸಣ್ಣ ಇನ್ಫ್ರಾರೆಡ್ ಥರ್ಮಾಮೀಟರ್ ನೆಲಕ್ಕೆ ಹಿಡಿದರೆ ಎರಡು ಸೆಕೆಂಡಿನಲ್ಲಿ ತಿಳಿಯುತ್ತದೆ. ನಮ್ಮ ಮಟ್ಟಿಗೆ ಅದು ಎರಡನೇ ಶವಲ್‌ಗಿಂತ ಮುಂಚೆ ಕೊಳ್ಳಬೇಕಾದ ವಸ್ತು.

ಹಿಮ ಬೀಳೋ ಮೊದಲೇ ರಸ್ತೆ ಮೇಲೆ ಉದ್ದುದ್ದ ಬಿಳಿ ಗೆರೆ ಇರುತ್ತಲ್ಲ, ಅದೇನು?

ಉಪ್ಪುನೀರು, ಇಲ್ಲಿಯವರ ಬಾಯಲ್ಲಿ ಬ್ರೈನ್. ನೀರಿನಲ್ಲಿ 23.3 ಪಾಲು ಉಪ್ಪು ಕರಗಿಸಿ, ಲಾರಿಯ ಹಿಂದಿನ ಕೊಳವೆಗಳಿಂದ ಸಾಲಾಗಿ ಬಿಡುತ್ತಾರೆ. ನೀರು ಆರಿ ಉಪ್ಪು ರಸ್ತೆಗೆ ಕಚ್ಚಿಕೊಂಡಿರುತ್ತದೆ. ಕಾವಲಿಗೆ ಎಣ್ಣೆ ಸವರಿದ ಮೇಲೆ ದೋಸೆ ಹೊಯ್ದರೆ ಸಲೀಸಾಗಿ ಏಳುವ ಹಾಗೆ, ಮೇಲೆ ಬಿದ್ದ ಹಿಮ ನೆಲಕ್ಕೆ ಅಂಟುವುದಿಲ್ಲ, ಪ್ಲೌ ಬಂದಾಗ ಎದ್ದು ಬರುತ್ತದೆ. ಅಂಟಿದ್ದನ್ನು ಆಮೇಲೆ ಬಿಡಿಸುವುದಕ್ಕಿಂತ ಅಂಟದ ಹಾಗೆ ನೋಡಿಕೊಳ್ಳಲು ಉಪ್ಪು ಬಹಳ ಕಡಿಮೆ ಸಾಕು. ಹಿಮಕ್ಕೆ ಮೊದಲು ಮಳೆ ಬರುವಂತಿದ್ದರೆ ಮಾತ್ರ ಇದನ್ನು ಮಾಡುವುದಿಲ್ಲ, ಎಲ್ಲ ತೊಳೆದು ಹೋಗುತ್ತದೆ.

## ಮನೆಯ ಮುಂದೆ

ನಮ್ಮ ಡ್ರೈವ್‌ವೇಗೆ ಎಷ್ಟು ಉಪ್ಪು ಹಾಕಬೇಕು? ಒಂದು ಸಲಕ್ಕೆ ಅರ್ಧ ಚೀಲ ಖಾಲಿಯಾಗ್ತಿದೆ.

ಅರ್ಧ ಚೀಲ ತೀರಾ ಹೆಚ್ಚು. ಅಳತೆ ಇದು: ಒಂದು ಚದರ ಮೀಟರಿಗೆ 20 ಗ್ರಾಂ. ದೊಡ್ಡ ಕಾಫಿ ಮಗ್ ತುಂಬ ಉಪ್ಪು ಅಂದರೆ ಸುಮಾರು 450 ಗ್ರಾಂ, ಅದು 23 ಚದರ ಮೀಟರಿಗೆ ಸಾಕು. ಎರಡು ಕಾರು ನಿಲ್ಲುವ ಸಾಮಾನ್ಯ ಡ್ರೈವ್‌ವೇಗೆ ಒಂದೂವರೆ, ಎರಡು ಮಗ್. ಒಂದು ಹಳೇ ಮಗ್ಗನ್ನು ಚೀಲದೊಳಗೇ ಇಟ್ಟುಬಿಡಿ.

ಹಾಕುವ ಕ್ರಮವೂ ಮುಖ್ಯ. ಹಿಮ ಬೀಳುತ್ತಿರುವಾಗಲೇ ಒಂದೆರಡು ಸಲ ಎತ್ತಿ ಹಾಕಿ, ಅದರ ಮೇಲೆ ಕಾರು ಓಡಿಸುವ ಮೊದಲು. ಟೈರಿಗೆ ಸಿಕ್ಕಿ ತುಳಿದ ಹಿಮ ಕಲ್ಲಾಗುತ್ತದೆ, ಆಮೇಲೆ ಉಪ್ಪಿಲ್ಲದೆ ಏಳುವುದಿಲ್ಲ. ಗಟ್ಟಿಯಾಗಿದ್ದರೆ ಚಪ್ಪಟೆ ಬಾಯಿಯ ಐಸ್ ಸ್ಕ್ರೇಪರಿನಿಂದ ಎಬ್ಬಿಸಿ. ನೆಲ ಕಂಡ ಮೇಲೆ, ಐಸ್ ಉಳಿದ ಕಡೆ ಮಾತ್ರ ಉಪ್ಪು ಎರಚಿ. ಕೋಳಿಗೆ ಕಾಳು ಎರಚುವ ಹಾಗೆ ಕೈ ಬೀಸಿ. ಹರಳಿನಿಂದ ಹರಳಿಗೆ ನಾಲ್ಕು ಬೆರಳಿನಷ್ಟು ಅಂತರವಿರಲಿ. ಬರಿಗಣ್ಣಿಗೆ ಇದು ಸಾಲದು ಅನ್ನಿಸುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ನೋಡಿ: ಪ್ರತಿ ಹರಳಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟಗಲ ಒದ್ದೆ ವೃತ್ತ ಮೂಡಿರುತ್ತದೆ, ಆಮೇಲೆ ಆ ವೃತ್ತಗಳು ಒಂದನ್ನೊಂದು ಮುಟ್ಟುತ್ತವೆ. ಆಗ ಮತ್ತೊಮ್ಮೆ ಸ್ಕ್ರೇಪರ್ ಹಿಡಿಯಿರಿ.

ನೆಲ ಒಣಗಿದ ಮೇಲೆ ಹರಳುಗಳು ಹಾಗೇ ಬಿದ್ದಿದ್ದರೆ ಅದು ಹೆಚ್ಚಾದ ಉಪ್ಪು. ಗುಡಿಸಿ ಡಬ್ಬಕ್ಕೆ ತುಂಬಿಡಿ, ಮುಂದಿನ ಸಲಕ್ಕೆ ಬರುತ್ತದೆ.

ಅಂಗಡಿಯಲ್ಲಿ ಹತ್ತು ಥರದ ಚೀಲ ಇವೆ, ಪೆಟ್ ಸೇಫ್, ಇಕೋ ಅಂತೆಲ್ಲ ಬರೆದಿರ್ತಾರೆ. ಯಾವುದು ತಗೊಳ್ಳಲಿ?

ಚೀಲದ ಮುಂದಿನ ದೊಡ್ಡಕ್ಷರ ಬಿಟ್ಟು ಹಿಂದಿನ ಪದಾರ್ಥಗಳ ಪಟ್ಟಿ ನೋಡಿ. ಬಹುತೇಕ ಚೀಲಗಳಲ್ಲಿ ಇರುವುದು ಇವುಗಳಲ್ಲಿ ಒಂದು, ಇಲ್ಲವೇ ಮಿಶ್ರಣ.

ಸೋಡಿಯಂ ಕ್ಲೋರೈಡ್ ಅಗ್ಗ, ಮೈನಸ್ 9ರ ತನಕ. ಮೆಗ್ನೀಶಿಯಂ ಕ್ಲೋರೈಡ್ ಮೈನಸ್ 23ರ ತನಕ, ಕ್ಯಾಲ್ಸಿಯಂ ಕ್ಲೋರೈಡ್ ಮೈನಸ್ 29ರ ತನಕ ಕೆಲಸ ಮಾಡುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್ ಕರಗುವಾಗ ನಿಜವಾಗಿಯೂ ಶಾಖ ಹೊರಬಿಡುತ್ತದೆ, ಅದಕ್ಕೇ ಬೇಗ. ಆದರೆ ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ: ಚೀಲದ ಬಾಯಿ ಬಿಗಿಯದಿದ್ದರೆ ವಾರದಲ್ಲಿ ಗಟ್ಟಿ ಮುದ್ದೆ, ನೆಲದ ಮೇಲೆ ಹೆಚ್ಚಾದರೆ ಎಣ್ಣೆ ಚೆಲ್ಲಿದಂಥ ಜಿಡ್ಡು. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಯೂರಿಯಾ ಎಂದರೆ ಗೊಬ್ಬರ, ಅದು ಕೆರೆಗೆ ಸೇರಿದರೆ ಪಾಚಿ. ಕ್ಯಾಲ್ಸಿಯಂ ಮೆಗ್ನೀಶಿಯಂ ಅಸಿಟೇಟ್‌ನಲ್ಲಿ ಕ್ಲೋರೈಡ್ ಇಲ್ಲ, ಕಬ್ಬಿಣಕ್ಕೂ ಕಾಂಕ್ರೀಟಿಗೂ ಸೌಮ್ಯ. ಆದರೆ ಬೆಲೆ ಹಲವು ಪಟ್ಟು, ಮೈನಸ್ 7ಕ್ಕಿಂತ ಕೆಳಗೆ ಸುಸ್ತು.

ನಮ್ಮ ಸಲಹೆ: ಸಾಮಾನ್ಯ ದಿನಗಳಿಗೆ ಸೋಡಿಯಂ ಕ್ಲೋರೈಡ್ ಒಂದು ಚೀಲ, ಕಡು ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಒಂದು ಸಣ್ಣ ಡಬ್ಬ, ಜೊತೆಗೆ ಒಂದು ಚೀಲ ದೊರಗು ಮರಳು. ಇಷ್ಟರಲ್ಲಿ ಒಂದು ಮನೆಯ ಚಳಿಗಾಲ ಕಳೆಯುತ್ತದೆ.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಎಲ್ಲಿ ಜಾರಿ ಬೀಳ್ತಾರೋ ಅಂತ ಭಯ. ಮೆಟ್ಟಿಲಿಗೆ ದಪ್ಪವಾಗಿ ಉಪ್ಪು ಸುರಿದುಬಿಡಲಾ?

ಬೇಡ. ಒಣ ಮೆಟ್ಟಿಲ ಮೇಲೆ ದಪ್ಪ ಉಪ್ಪು ಬಿದ್ದಿದ್ದರೆ ನೆಲದ ಮೇಲೆ ಚೆಲ್ಲಿದ ಕಡಲೆಯ ಹಾಗೆ ಕಾಲಡಿ ಉರುಳುತ್ತದೆ, ಅದರಲ್ಲೂ ಗುಂಡನೆಯ ಕ್ಯಾಲ್ಸಿಯಂ ಕ್ಲೋರೈಡ್ ಕಾಳುಗಳು. ಅಳತೆಯ ಉಪ್ಪು ಹಾಕಿ ಐಸ್ ತೆಗೆದ ಮೇಲೆ, ಹಿಡಿತಕ್ಕಾಗಿ ದೊರಗು ಮರಳು ಚೆಲ್ಲಿ.

ಬೀಳುವುದು ಬಹಳ ಸಲ ಹಿಮದ ದಿನವಲ್ಲ, ಮಾರನೇ ದಿನ. ಹಗಲು ಬಿಸಿಲಿಗೆ ಸೂರಿನ ಹಿಮ ಕರಗಿ ಕೊಳವೆಯಿಂದ ನಡೆದಾಡುವ ದಾರಿಗೆ ಹರಿಯುತ್ತದೆ, ಸಂಜೆ ಐದರ ಹೊತ್ತಿಗೆ ಕಣ್ಣಿಗೆ ಕಾಣದ ಗಾಜಿನಂಥ ಐಸ್ ಆಗಿರುತ್ತದೆ. ಅಲ್ಲಿಗೆ ಪ್ರತಿದಿನ ಉಪ್ಪು ಸುರಿಯುವ ಬದಲು ಕೊಳವೆಯ ಬಾಯಿಯನ್ನು ಹುಲ್ಲಿನ ಕಡೆಗೆ ತಿರುಗಿಸಿ, ತೊಂದರೆ ಬುಡದಲ್ಲೇ ನಿಲ್ಲುತ್ತದೆ. ಎತ್ತಿ ಹಾಕಿದ ಹಿಮದ ರಾಶಿಯೂ ದಾರಿಯ ತಗ್ಗಿನ ಕಡೆಗಿರಲಿ. ಹಿರಿಯರ ಬೂಟಿಗೆ ಸಿಕ್ಕಿಸುವ ಮುಳ್ಳಿನ ಕ್ಲೀಟ್ಸ್ ಕೊಡಿಸಿ, ಆದರೆ ಅಂಗಡಿಯೊಳಗೆ, ಟೈಲ್ಸ್ ನೆಲದ ಮೇಲೆ ಅವನ್ನು ಬಿಚ್ಚಲೇಬೇಕೆಂದು ಹೇಳಿಕೊಡಿ. ಸೀರೆ ಉಟ್ಟು ಓಡಾಡುವ ಅಮ್ಮಂದಿರಿಗೆ ಹೊರಬಾಗಿಲ ಪಕ್ಕ ಗಟ್ಟಿ ಕೈಹಿಡಿ ಇರಬೇಕು. ಉಪ್ಪಿಗಿಂತ ಅದು ಹೆಚ್ಚು ಕಾಪಾಡುತ್ತದೆ.

ನಾಯಿ ವಾಕಿಂಗ್‌ನಿಂದ ಬಂದ ಮೇಲೆ ಕಾಲು ನೆಕ್ಕುತ್ತಲೇ ಇರುತ್ತೆ. ಉಪ್ಪಿನಿಂದ ತೊಂದರೆಯಾ?

ಹೌದು. ಹರಳು ಬೆರಳ ಸಂದಿಯಲ್ಲಿ ಸಿಕ್ಕಿ ಪಾದ ಒಡೆಯುತ್ತದೆ, ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಬಂದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ನಾಲ್ಕೂ ಪಾದ ಅದ್ದಿ, ಸಂದಿ ಬಿಡಿಸಿ ಒರೆಸಿ. ಹೋಗುವ ಮುಂಚೆ ಪಾದಕ್ಕೆ ಹಚ್ಚುವ ಮೇಣ ಸಿಗುತ್ತದೆ. ವಾಂತಿ, ಅತಿಯಾದ ಬಾಯಾರಿಕೆ, ತೂರಾಟ ಕಂಡರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಬೂಟಿನ ಮೇಲಿನ ಬಿಳಿ ಕಲೆ ಹೋಗಲ್ಲ, ಏನು ಮಾಡೋದು?

ನೀರು, ಬಿಳಿ ವಿನೆಗರ್ ಸಮಪಾಲು ಬೆರೆಸಿ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಚರ್ಮದ ಬೂಟಿಗೆ ಆಮೇಲೆ ಕಂಡೀಷನರ್ ಹಚ್ಚಿ. ಹೀಟರ್ ಪಕ್ಕ ಇಟ್ಟರೆ ಚರ್ಮ ಬಿರಿಯುತ್ತದೆ. ಚಪ್ಪಲಿ ಹೊರಗೆ ಬಿಡುವ ನಮ್ಮ ಪದ್ಧತಿ ಇಲ್ಲಿ ಮರದ ನೆಲವನ್ನೂ ಉಳಿಸುತ್ತದೆ. ಬಾಗಿಲ ಬಳಿ ಅಂಚಿರುವ ರಬ್ಬರ್ ತಟ್ಟೆಯೊಂದನ್ನು ಇಟ್ಟರೆ ಉಪ್ಪುನೀರು ಅದರಲ್ಲೇ ನಿಲ್ಲುತ್ತದೆ.

## ಕಾರು

ಉಪ್ಪಿಗೆ ಕಾರು ತುಕ್ಕು ಹಿಡಿಯುತ್ತೆ ಅಂತಾರೆ. ಎಷ್ಟು ದಿನಕ್ಕೊಮ್ಮೆ ತೊಳೀಬೇಕು? ಈ ಚಳಿಯಲ್ಲಿ ತೊಳೆದರೆ ಬಾಗಿಲೇ ಹೆಪ್ಪುಗಟ್ಟಲ್ವಾ?

ಕಣ್ಣಿಗೆ ಕಾಣುವ ಬಣ್ಣದ ಮೇಲಿನ ಉಪ್ಪು ದೊಡ್ಡ ವಿಷಯವೇ ಅಲ್ಲ. ಕೆಡುಕು ಇರುವುದು ಅಡಿಯಲ್ಲಿ: ಬಾಗಿಲ ಕೆಳಗಿನ ಪಟ್ಟಿಯ ಒಳಭಾಗ, ಚಕ್ರದ ಗೂಡು, ಸಬ್‌ಫ್ರೇಮ್, ಎಕ್ಸಾಸ್ಟ್, ಎಲ್ಲಕ್ಕಿಂತ ಮಿಗಿಲಾಗಿ ಬ್ರೇಕ್ ಎಣ್ಣೆ ಹರಿಯುವ ಸಣ್ಣ ಉಕ್ಕಿನ ಕೊಳವೆ. ಅದು ಪೆನ್ಸಿಲ್‌ಗಿಂತ ಸಪೂರ. ತುಕ್ಕು ತಿಂದು ತೂತಾದರೆ ಒಂದು ದಿನ ಪೆಡಲ್ ನೇರ ನೆಲಕ್ಕೆ ಹೋಗುತ್ತದೆ. ಎಂಟು ಹತ್ತು ಚಳಿಗಾಲ ಕಂಡ ಹಳೇ ಕಾರು ಕೊಳ್ಳುವವರು ಲಿಫ್ಟ್ ಮೇಲೆ ಎತ್ತಿಸಿ ಆ ಕೊಳವೆ ನೋಡದೆ ಹಣ ಕೊಡಬಾರದು.

ಎರಡು ವಾರಕ್ಕೊಮ್ಮೆ, ಉಷ್ಣಾಂಶ 0 ದಾಟಿದ ದಿನ ನೋಡಿಕೊಂಡು, ಅಡಿಭಾಗಕ್ಕೆ ನೀರು ಚಿಮ್ಮುವ ಕಾರ್‌ವಾಶ್‌ನಲ್ಲಿ ತೊಳೆಸಿ. ಮುಗಿದ ಕೂಡಲೇ ನಾಲ್ಕೂ ಬಾಗಿಲು ತೆಗೆದು ರಬ್ಬರ್ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಸಿಲಿಕೋನ್ ಸ್ಪ್ರೇ ಹಚ್ಚಿ. ಆಗ ಬಾಗಿಲು ಅಂಟುವುದಿಲ್ಲ.

ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಕಾರಿಗೆ ಒಳ್ಳೆಯದು ಎಂದುಕೊಳ್ಳುವವರಿದ್ದಾರೆ. ಉಪ್ಪು ಮೆತ್ತಿದ ಕಾರಿಗೆ ಅದು ಉಲ್ಟಾ. ಹೆಪ್ಪುಗಟ್ಟಿದ ಕೆಸರಿನಲ್ಲಿ ತುಕ್ಕು ನಿಧಾನ, ಬೆಚ್ಚಗಿನ ಒದ್ದೆಯಲ್ಲಿ ವೇಗ. ಅಕ್ಟೋಬರಿನಲ್ಲಿ ಕಾರಿನ ಅಡಿಭಾಗಕ್ಕೆ ತುಕ್ಕು ತಡೆಯುವ ಎಣ್ಣೆ ಅಥವಾ ಲ್ಯಾನೋಲಿನ್ (ಕುರಿಯ ಉಣ್ಣೆಯ ಜಿಡ್ಡು) ಸಿಂಪಡಿಸುವ ಪದ್ಧತಿ ಒಂಟಾರಿಯೊದಲ್ಲಿ ಬಹಳವಿದೆ, ಪ್ರತಿ ವರ್ಷ ಮಾಡಿಸಿದರೆ ಗುಣ ಕಾಣುತ್ತದೆ. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳು ಮುಚ್ಚಿಹೋಗದಂತೆ ನಿಂತು ನೋಡಿಕೊಳ್ಳಿ.

ಕಾರಿನ ಉಪ್ಪು ನೆಕ್ಕೋಕೆ ಕಾಡುಪ್ರಾಣಿ ಬರುತ್ತವಂತೆ, ಹೌದಾ?

ಹೌದು. ಕೆನಡಾದ ಜಾಸ್ಪರ್ ರಾಷ್ಟ್ರೀಯ ಉದ್ಯಾನದಲ್ಲಿ 2020ರಲ್ಲಿ ‘ಮೂಸ್‌ಗೆ ನಿಮ್ಮ ಕಾರು ನೆಕ್ಕಲು ಬಿಡಬೇಡಿ’ ಎಂಬ ಫಲಕಗಳನ್ನೇ ಹಾಕಿದರು (ಮೂಸ್ ಎಂದರೆ ಜಿಂಕೆ ಜಾತಿಯ ದೊಡ್ಡ ಪ್ರಾಣಿ). ರಸ್ತೆಯಂಚಿನ ಉಪ್ಪಿಗೆ ಅವು ಒಗ್ಗಿಕೊಂಡರೆ ವಾಹನದ ಭಯ ಹೋಗುತ್ತದೆ, ಡಿಕ್ಕಿಯಾಗುತ್ತದೆ. ಹತ್ತಿರ ಬಂದರೆ ನಿಲ್ಲದೆ ಮುಂದೆ ಹೋಗಿ.

## ಕಾಂಕ್ರೀಟು, ಗಿಡಮರ

ಹೋದ ಬೇಸಿಗೆಯಲ್ಲಿ ಹಾಕಿಸಿದ ಕಾಂಕ್ರೀಟ್, ಈಗಲೇ ಮೇಲ್ಪದರ ಹಪ್ಪಳದ ಹಾಗೆ ಏಳ್ತಿದೆ. ಉಪ್ಪಿನದೇ ತಪ್ಪಾ?

ಉಪ್ಪಿನದೂ ಇದೆ, ಕಾಂಕ್ರೀಟಿನದೂ ಇರಬಹುದು. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನಿಂತ ನೀರು ಐಸ್ ಆದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಉಪ್ಪು ಹಾಕಿದ ಮೇಲೆ ಮೇಲ್ಮೈ ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ, ಕರಗಿ ಹೆಪ್ಪುಗಟ್ಟುವ ಸುತ್ತುಗಳೂ ಹೆಚ್ಚುತ್ತವೆ. ಈ ಒತ್ತಡ ತಡೆಯಲೆಂದೇ ಇಲ್ಲಿ ಹೊರಾಂಗಣ ಕಾಂಕ್ರೀಟಿಗೆ ಶೇ. 6ರ ಆಸುಪಾಸು ಸೂಕ್ಷ್ಮ ಗಾಳಿಗುಳ್ಳೆ ಸೇರಿಸಿರಬೇಕು. ಹಾಕುವಾಗ ನೀರು ಹೆಚ್ಚು ಬೆರೆಸಿದ್ದರೆ, ಮೇಲೆ ನೀರು ಚಿಮುಕಿಸಿ ಕರಣೆ ಎಳೆದಿದ್ದರೆ, ಕ್ಯೂರಿಂಗ್ ಸಾಲದಿದ್ದರೆ ಮೊದಲ ಚಳಿಗಾಲದಲ್ಲೇ ಪದರ ಏಳುತ್ತದೆ. ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲ ಉಪ್ಪೇ ಬೇಡ, ಮರಳು ಮಾತ್ರ. ಎರಡನೇ ವರ್ಷಕ್ಕೆ ಮುಂಚೆ, ಒಣಹವೆಯಲ್ಲಿ, ನೀರು ಒಳಗಿಳಿಯದಂತೆ ತಡೆಯುವ ಸಿಲೇನ್ ಸೀಲರ್ ಹಚ್ಚಿಸಿ. ಕ್ಯಾಲ್ಸಿಯಂ, ಮೆಗ್ನೀಶಿಯಂ ಕ್ಲೋರೈಡುಗಳು ಸಿಮೆಂಟಿನ ಜೊತೆ ರಾಸಾಯನಿಕವಾಗಿಯೂ ಕಾದಾಡುತ್ತವೆ, ಅವನ್ನು ಕಾಂಕ್ರೀಟಿನ ಮೇಲೆ ಮಿತವಾಗಿ ಬಳಸಿ.

ಸೇತುವೆ, ಕಟ್ಟಡಗಳಿಗೂ ಇದರಿಂದ ಅಪಾಯ ಇದೆಯಾ?

ಇದೆ, ಅದೂ ಒಳಗಿಂದ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ಸಿಮೆಂಟಿನ ಕ್ಷಾರ ಒಂದು ತೆಳು ರಕ್ಷಾಪದರ ಕಟ್ಟಿಕೊಟ್ಟಿರುತ್ತದೆ. ಕ್ಲೋರೈಡ್ ವರ್ಷಾನುಗಟ್ಟಲೆ ಇಳಿದಿಳಿದು ಸರಳನ್ನು ಮುಟ್ಟಿದಾಗ ಆ ಪದರ ಒಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿಂದಲೇ ಸಿಡಿಯುತ್ತದೆ. ಒಂಟಾರಿಯೊದ ಎಲಿಯಟ್ ಲೇಕ್‌ನಲ್ಲಿ 2012ರ ಜೂನ್ 23ರಂದು ಆಲ್ಗೋ ಸೆಂಟರ್ ಮಾಲ್‌ನ ಛಾವಣಿ ಕುಸಿದು ಇಬ್ಬರು ಸತ್ತರು. ಆ ಛಾವಣಿಯೇ ಕಾರು ನಿಲ್ಲಿಸುವ ಜಾಗವಾಗಿತ್ತು; ಕಾರುಗಳು ಹೊತ್ತು ತಂದ ಉಪ್ಪುನೀರು ದಶಕಗಳ ಕಾಲ ಸೋರಿ ಉಕ್ಕಿನ ಬೆಸುಗೆಯನ್ನು ತಿಂದುಹಾಕಿತ್ತು. ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಬಕೆಟ್ ಇಟ್ಟು ಸುಮ್ಮನಾಗಬೇಡಿ. ಮ್ಯಾನೇಜ್‌ಮೆಂಟಿಗೆ ಬರಹದಲ್ಲಿ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ.

ರಸ್ತೆ ಪಕ್ಕದ ಪೈನ್ ಮರ ಒಂದೇ ಕಡೆ ಕೆಂಪಗಾಗಿದೆ, ಯಾಕೆ?

ರಸ್ತೆಗೆ ಮುಖ ಮಾಡಿದ ಕಡೆಯೇ ಕೆಂಪಗಾಗಿದ್ದರೆ ಅದು ಟೈರಿನಿಂದ ಸಿಡಿದ ಉಪ್ಪಿನ ತುಂತುರು. ವೈಟ್ ಪೈನ್, ಶುಗರ್ ಮೇಪಲ್ ಮರಗಳು ಉಪ್ಪಿಗೆ ಬೇಗ ಸೋಲುತ್ತವೆ. ಶರತ್ಕಾಲದಲ್ಲಿ ಗೋಣಿ ಪರದೆ ಕಟ್ಟಿ, ಉಪ್ಪು ಬೆರೆತ ಹಿಮವನ್ನು ಬುಡಕ್ಕೆ ರಾಶಿ ಹಾಕಬೇಡಿ. ನೆಲ ಸಡಿಲಾದ ಕೂಡಲೇ ಬುಡಕ್ಕೆ ಚೆನ್ನಾಗಿ ನೀರು ಹಾಯಿಸಿ. ಜೇಡಿಮಣ್ಣಾದರೆ ಜಿಪ್ಸಂ ಹಾಕಿದ ಮೇಲೆ ನೀರು ಬಿಡಿ, ಅದರ ಕ್ಯಾಲ್ಸಿಯಂ ಮಣ್ಣಿಗಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ.

## ನೀರು

ಏಪ್ರಿಲ್‌ನಲ್ಲಿ ಮಳೆ ಬಂದರೆ ಎಲ್ಲಾ ತೊಳೆದುಹೋಗುತ್ತಲ್ಲ, ಅಷ್ಟೊಂದು ಚಿಂತೆ ಯಾಕೆ?

ತೊಳೆದು ಹೋಗುವುದು ಎಲ್ಲಿಗೆ ಎಂಬುದೇ ಪ್ರಶ್ನೆ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಸೇರಿಸುತ್ತೇವೆ, ಬಿದ್ದ ಉಪ್ಪನ್ನು ಹೆಕ್ಕಿ ತೆಗೆಯುವ ದಾರಿಯಿಲ್ಲ. ಕೆರೆಯಲ್ಲೂ ಅಷ್ಟೇ. ಎಲೆ, ಕಸ, ಗೊಬ್ಬರ ಕಾಲಕ್ರಮದಲ್ಲಿ ಕೊಳೆತು ಮಣ್ಣಾಗುತ್ತವೆ. ಉಪ್ಪಿನಲ್ಲಿರುವ ಕ್ಲೋರೈಡ್ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಗಿಡಕ್ಕೂ ಹೆಚ್ಚು ಬೇಕಿಲ್ಲ. ಸರೋವರವನ್ನೇ ಆರ್‌ಒ ಯಂತ್ರಕ್ಕೆ ಹಾಯಿಸಲು ಆಗುವುದಿಲ್ಲ. ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಸುತ್ತ ಮಿನ್ನೆಸೋಟ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಾಗ, ರಸ್ತೆಗೆ ಹಾಕಿದ ಉಪ್ಪಿನಲ್ಲಿ ಸುಮಾರು ಶೇ. 70 ಆ ಪ್ರದೇಶದ ಕೆರೆ, ಜೌಗು, ಅಂತರ್ಜಲದಲ್ಲೇ ಉಳಿಯುವುದು ಕಂಡುಬಂತು. ನದಿಯಲ್ಲಿ ಹರಿದು ಹೋಗುವುದು ಉಳಿದಷ್ಟು ಮಾತ್ರ.

ಜಲಚರಗಳ ಮಟ್ಟಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಹಾಕಿದ ದೀರ್ಘಾವಧಿ ಮಿತಿ ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡ್. ಕೆನಡಾದ್ದು ಇನ್ನೂ ಬಿಗಿ, 120. ಒಂದು ಟೀ ಚಮಚ ತುಂಬ ಉಪ್ಪು ಒಂದು ದೊಡ್ಡ ಬಿಂದಿಗೆ, ಎಂದರೆ ಸುಮಾರು 19 ಲೀಟರ್ ನೀರನ್ನು ಅಮೆರಿಕದ ಮಿತಿಯ ಹತ್ತಿರಕ್ಕೆ ತಂದುಬಿಡುತ್ತದೆ. 20 ಕಿಲೋ ಚೀಲವೊಂದು 50,000 ಲೀಟರಿಗೂ ಹೆಚ್ಚು ನೀರನ್ನು. ಬೆಂಗಳೂರಿನ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಎಂಟನ್ನು ಸಾಲಾಗಿ ನಿಲ್ಲಿಸಿ ನೋಡಿ, ಅಷ್ಟು ನೀರಿಗೂ ಮಿಕ್ಕಿ.

ಇನ್ನೊಂದು ತೊಂದರೆ ಮೇಲೆ ನಿಂತು ನೋಡಿದರೆ ಕಾಣುವುದಿಲ್ಲ. ಉಪ್ಪುನೀರು ಭಾರ, ತಳಕ್ಕೆ ಹೋಗಿ ಕೂರುತ್ತದೆ. ವಸಂತದಲ್ಲಿ ಕೆರೆಯ ಮೇಲಿನ ನೀರೂ ಕೆಳಗಿನ ನೀರೂ ಮಗುಚಿ ಬೆರೆತರೆ ತಳಕ್ಕೆ ಆಮ್ಲಜನಕ ಸಿಗುತ್ತದೆ. ಭಾರದ ಪದರ ಆ ಮಗುಚುವಿಕೆಯನ್ನೇ ತಡೆಯುತ್ತದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಬಳಿಯ ಇರಾಂಡಿಕ್ವಾಯ್ಟ್ ಕೊಲ್ಲಿಯಲ್ಲಿ 1970ರ ವಸಂತದಲ್ಲಿ ಇದು ದಾಖಲಾಯಿತು. ಜೊತೆಗೆ ಪಾಚಿ ತಿನ್ನುವ ಡಾಫ್ನಿಯಾದಂಥ ಸೂಕ್ಷ್ಮ ಜೀವಿಗಳು ಉಪ್ಪಿಗೆ ಮೊದಲು ಸಾಯುತ್ತವೆ. ಅವು ಹೋದರೆ ಪಾಚಿಗೆ ಹೇಳುವವರು ಕೇಳುವವರು ಇಲ್ಲ, ಮರಿಮೀನಿಗೆ ಆಹಾರವೂ ಇಲ್ಲ.

ನಮ್ಮದು ಬೋರ್‌ವೆಲ್ ನೀರು, ಮನೆಯಲ್ಲಿ ಬಿಪಿ ಇರುವವರಿದ್ದಾರೆ. ರಸ್ತೆ ಉಪ್ಪು ಕುಡಿಯೋ ನೀರಿಗೂ ಬರುತ್ತಾ?

ಬರಬಹುದು, ಮುಖ್ಯವಾಗಿ ಹೆದ್ದಾರಿಯ ಇಳಿಜಾರಿನ ಕಡೆ ಅಥವಾ ಉಪ್ಪಿನ ಗೋದಾಮಿನ ಹತ್ತಿರ ಬಾವಿ ಇದ್ದರೆ. ನ್ಯೂಯಾರ್ಕ್‌ನ ಆಡಿರಾಂಡಾಕ್ ಬೆಟ್ಟಸೀಮೆಯಲ್ಲಿ ಮನೆಬಾವಿಗಳು ಹೀಗೆ ಕೆಟ್ಟಿದ್ದರಿಂದಲೇ 2020ರ ಡಿಸೆಂಬರಿನಲ್ಲಿ ಉಪ್ಪು ಕಡಿಮೆ ಮಾಡುವ ಕಾಯ್ದೆ ಬಂತು. ರುಚಿಗೆ ಗೊತ್ತಾಗುವ ಹೊತ್ತಿಗೆ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮುಟ್ಟಿರುತ್ತದೆ, ಆದ್ದರಿಂದ ನಾಲಗೆಯನ್ನು ನಂಬಬೇಡಿ. ವರ್ಷಕ್ಕೊಮ್ಮೆ ವಸಂತದ ಕೊನೆಗೆ ಪರವಾನಗಿ ಇರುವ ಪ್ರಯೋಗಾಲಯದಲ್ಲಿ ಸೋಡಿಯಂ, ಕ್ಲೋರೈಡ್ ಎರಡನ್ನೂ ಪರೀಕ್ಷೆ ಮಾಡಿಸಿ. ವೈದ್ಯರು ಉಪ್ಪು ಬಿಡಲು ಹೇಳಿರುವವರಿಗೆ ಅಮೆರಿಕದಲ್ಲಿ ಕುಡಿಯುವ ನೀರಿಗೆ ಸೂಚಿಸುವ ಸೋಡಿಯಂ ಪ್ರಮಾಣ ಲೀಟರಿಗೆ 20 ಮಿಲಿಗ್ರಾಂ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನೂ ದಟ್ಟವಾಗುತ್ತದೆ. ಅಡುಗೆಮನೆಯ ನಲ್ಲಿಗೆ ಆರ್‌ಒ ಹಾಕಿಸಬೇಕು.

ಕ್ಲೋರೈಡ್ ಹೆಚ್ಚಿರುವ ನೀರು ಹಳೇ ಕೊಳವೆಗಳಿಂದ ಸೀಸವನ್ನೂ ಬಿಡಿಸಿಕೊಂಡು ಬರುತ್ತದೆ. ಹಳೇ ಮನೆಯಾದರೆ ಸೀಸದ ಪರೀಕ್ಷೆಯನ್ನೂ ಸೇರಿಸಿ. ಗಡಸು ನೀರನ್ನು ಮೆದುಗೊಳಿಸುವ ಮನೆಯ ವಾಟರ್ ಸಾಫ್ಟನರ್ ಕೂಡ ಉಪ್ಪನ್ನೇ ಹೊರಬಿಡುತ್ತದೆ, ನೀರಿನ ನಿಜವಾದ ಗಡಸುತನಕ್ಕೆ ತಕ್ಕಂತೆ ಅದನ್ನು ಹೊಂದಿಸಿಕೊಳ್ಳಿ.

## ಹೆಚ್ಚು ತಿಳಿಯಬೇಕೆನ್ನುವವರಿಗೆ

ಇಷ್ಟೆಲ್ಲ ತೊಂದರೆ ಇದ್ದರೆ ಉಪ್ಪು ನಿಲ್ಲಿಸಿ ಮರಳೋ ಬೀಟ್‌ರೂಟ್ ರಸವೋ ಹಾಕಬಹುದಲ್ಲ?

ಪೂರ್ತಿ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಉಪ್ಪಿನಿಂದ ಅಪಘಾತ ತಗ್ಗುತ್ತದೆ, ಆಂಬುಲೆನ್ಸ್ ಹೊತ್ತಿಗೆ ತಲುಪುತ್ತದೆ. ಮರಳು ಏನನ್ನೂ ಕರಗಿಸುವುದಿಲ್ಲ, ಹಿಡಿತ ಮಾತ್ರ ಕೊಡುತ್ತದೆ. ಕಡು ಚಳಿಯಲ್ಲಿ, ತಿರುವಿನಲ್ಲಿ, ಏರಿನಲ್ಲಿ ಅದೇ ಸರಿ. ಆದರೆ ವಾಹನ ಓಡಾಡಿದಂತೆ ಬದಿಗೆ ಹೋಗುತ್ತದೆ, ಚರಂಡಿ ಕಟ್ಟುತ್ತದೆ, ವಸಂತದಲ್ಲಿ ಗುಡಿಸಲೇಬೇಕು. ಬೀಟ್ ರಸ ಎಂದರೆ ನಾವು ಪಲ್ಯ ಮಾಡುವ ಕೆಂಪು ಬೀಟ್‌ರೂಟಿನದ್ದಲ್ಲ, ಸಕ್ಕರೆ ಬೀಟ್‌ನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಂಥದ್ದು. ಉಪ್ಪುನೀರಿಗೆ ಬೆರೆಸಿದರೆ ರಸ್ತೆಗೆ ಚೆನ್ನಾಗಿ ಅಂಟುತ್ತದೆ, ತುಕ್ಕೂ ಕಡಿಮೆ. ಆದರೆ ಕೆರೆಗೆ ಸೇರಿ ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನು ಹೀರುತ್ತದೆ.

ನಿಜವಾದ ಉಳಿತಾಯ ಇರುವುದು ಹಾಕುವ ರೀತಿಯಲ್ಲಿ. ಒಣ ಉಪ್ಪು ಲಾರಿಯಿಂದ ಬಿದ್ದಾಗ ಸುಮಾರು ಮೂರರಲ್ಲೊಂದು ಪಾಲು ಪುಟಿದು ಬದಿಯ ಹುಲ್ಲಿಗೆ ಹೋಗುತ್ತದೆ. ಬೀಳುವ ಮುಂಚೆ ಉಪ್ಪುನೀರಿನಿಂದ ನೆನೆಸಿದರೆ ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ, ಕೆಲಸವೂ ಬೇಗ ಶುರುವಾಗುತ್ತದೆ. ಲಾರಿ ನಿಧಾನ ಹೋಗಬೇಕು, ಪ್ಲೌ ಅಲಗು ನೆಲಕ್ಕೆ ಕೂರಬೇಕು, ಹಿಮ ಬಿದ್ದ ಮೇಲೆ ಪ್ಲೌ ಮಾಡುವ ಮೊದಲು ಉಪ್ಪು ಹಾಕಬಾರದು. ಹಾಕಿದರೆ ಮರುಕ್ಷಣವೇ ಪ್ಲೌ ಅದನ್ನು ಬಳಿದು ಚರಂಡಿಗೆ ತಳ್ಳುತ್ತದೆ.

ಅಂಗಡಿ, ದೇವಸ್ಥಾನದ ಪಾರ್ಕಿಂಗ್‌ನಲ್ಲಿ ನೆಲವೆಲ್ಲ ಬೆಳ್ಳಗಾಗೋ ಹಾಗೆ ಉಪ್ಪು ಹಾಕ್ತಾರಲ್ಲ, ಯಾಕೆ? ನಾವು ಕಮಿಟಿಯಲ್ಲಿದ್ದೇವೆ, ಕಡಿಮೆ ಮಾಡಿಸೋದು ಹೇಗೆ?

ಎರಡು ಕಾರಣ. ಯಾರಾದರೂ ಜಾರಿ ಬಿದ್ದು ಕೋರ್ಟಿಗೆ ಹೋದರೆ ಎಂಬ ಭಯ ಒಂದು. ಗುತ್ತಿಗೆದಾರನಿಗೆ ಹಾಕಿದ ಉಪ್ಪಿನ ತೂಕಕ್ಕೆ ದುಡ್ಡು ಕೊಡುವುದು ಇನ್ನೊಂದು. ಹೆಚ್ಚು ಸುರಿದಷ್ಟೂ ಅವನಿಗೆ ಹೆಚ್ಚು ಬಿಲ್ಲು. ಭಯದ ಕಾರಣಕ್ಕೆ ನ್ಯೂ ಹ್ಯಾಂಪ್‌ಶೈರ್ ಒಳ್ಳೆಯ ದಾರಿ ಹುಡುಕಿತು: 2013ರಿಂದ ಅಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿ, ಲೆಕ್ಕ ಬರೆದಿಡುವ ಗುತ್ತಿಗೆದಾರರಿಗೂ ಅವರನ್ನು ನೇಮಿಸಿದ ಮಾಲೀಕರಿಗೂ ಇಂಥ ದಾವೆಗಳಿಂದ ಸೀಮಿತ ರಕ್ಷಣೆ ಇದೆ. ಕೆನಡಾ 2001ರಲ್ಲೇ ರಸ್ತೆ ಉಪ್ಪು ಪರಿಸರಕ್ಕೆ ವಿಷಕಾರಿ ಎಂದು ತೀರ್ಮಾನಿಸಿ, 2004ರಲ್ಲಿ ರಸ್ತೆ ಇಲಾಖೆಗಳಿಗೆ ನಡವಳಿಕೆಯ ಸಂಹಿತೆ ಹೊರಡಿಸಿತು. ಖಾಸಗಿ ಪಾರ್ಕಿಂಗ್ ಮಾತ್ರ ಅದರ ಹೊರಗೇ ಉಳಿದಿದೆ.

ಕಮಿಟಿಯವರು ಗುತ್ತಿಗೆ ಬರೆಯುವಾಗ ಇವನ್ನು ಕೇಳಿ: ಚಳಿಗಾಲಕ್ಕೆಲ್ಲ ಸೇರಿಸಿ ಒಂದೇ ಮೊತ್ತ, ತೂಕದ ಲೆಕ್ಕ ಬೇಡ. ಪ್ರತಿ ಸಲ ನೆಲದ ಉಷ್ಣಾಂಶ, ಹಾಕಿದ ಉಪ್ಪು, ಹೊತ್ತು ಬರೆದ ಚೀಟಿ ಬೇಕು. ಯಾರಾದರೂ ಬಿದ್ದರೆ ಕೋರ್ಟಿನಲ್ಲಿ ಕಾಯುವುದೂ ಅದೇ ಚೀಟಿ. ಹಬ್ಬದ ದಿನ ಬಿಟ್ಟರೆ ತುಂಬದ ಹಿಂದಿನ ಅಂಗಳವನ್ನು ಸರಪಳಿ ಹಾಕಿ ಮುಚ್ಚಿಬಿಡಿ, ಅಲ್ಲಿಗೆ ಉಪ್ಪೇ ಬೇಡ.

ಸ್ವಯಂಸೇವಕರೇ ತಳ್ಳುಗಾಡಿ ಸ್ಪ್ರೆಡರಿನಲ್ಲಿ (ಉಪ್ಪು ಎರಚುವ ಸಾಧನ) ಹಾಕುವುದಾದರೆ ಮೊದಲು ಅಳತೆ ಹೊಂದಿಸಿಕೊಳ್ಳಿ. ಒಳಾಂಗಣದಲ್ಲಿ 3 ಮೀಟರ್ ಉದ್ದ, 3 ಮೀಟರ್ ಅಗಲದ ಟಾರ್ಪಾಲು ಹಾಸಿ. ಸ್ಪ್ರೆಡರ್ ತುಂಬಿಸಿ, ಸಣ್ಣ ತೆರೆಪಿನಲ್ಲಿಟ್ಟು, ಮಾಮೂಲಿ ನಡಿಗೆಯಲ್ಲಿ ಟಾರ್ಪಾಲಿನ ಒಂದು ಅಂಚಿನಾಚೆಯಿಂದ ಇನ್ನೊಂದು ಅಂಚಿನಾಚೆಗೆ ತಳ್ಳಿಕೊಂಡು ಹೋಗಿ. ಉಪ್ಪು ಬೀಳುವ ಅಗಲ 3 ಮೀಟರಿಗಿಂತ ಕಡಿಮೆಯಿದ್ದರೆ ಪಕ್ಕದಲ್ಲಿ ಇನ್ನೊಂದು ಸಾಲು ನಡೆದು ಟಾರ್ಪಾಲು ಪೂರ್ತಿ ಮುಚ್ಚಿ. ಮೇಲೆ ಬಿದ್ದದ್ದನ್ನು ಗುಡಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 180 ಗ್ರಾಂ ಬಂದರೆ ಚದರ ಮೀಟರಿಗೆ 20 ಗ್ರಾಂ, ಸರಿಯಾಗಿದೆ. 400, 500 ಬಂದರೆ ತೆರೆಪು ಇನ್ನೂ ಚಿಕ್ಕದು ಮಾಡಿ ಮತ್ತೆ ತೂಗಿ. ಅತಿ ಚಿಕ್ಕ ತೆರೆಪಿನಲ್ಲೂ ಹೆಚ್ಚೇ ಬೀಳುತ್ತಿದ್ದರೆ ಅದು ಹುಲ್ಲಿನ ಬೀಜಕ್ಕೋ ಗೊಬ್ಬರಕ್ಕೋ ಮಾಡಿದ ಸ್ಪ್ರೆಡರ್, ಉಪ್ಪಿಗೆ ಬೇರೆಯದು ಬೇಕು. ಸರಿಹೊಂದಿದ ಸಂಖ್ಯೆಯನ್ನು ಬಣ್ಣದಲ್ಲಿ ಹಿಡಿಕೆಯ ಮೇಲೆ ಬರೆದುಬಿಡಿ, ಮುಂದಿನ ವಾರ ಬರುವ ಸ್ವಯಂಸೇವಕರಿಗೆ ಗೊತ್ತಾಗಲಿ. ಉಪ್ಪಿನ ಬ್ರ್ಯಾಂಡ್ ಅಥವಾ ಹರಳಿನ ಗಾತ್ರ ಬದಲಾದರೆ ಟಾರ್ಪಾಲು ಮತ್ತೆ ಹಾಸಬೇಕು.